ಅಪ್ಪನ ದೋಣಿ ಒಡೆಯೋ ಮುಂಚೆ

ಮೊನ್ಸೆಫ್ ಅಣ್ಣಾ,

ಇದನ್ನ ಅಪ್ಪನ ಮುಂದೆ ಓದ್ಬೇಡ. ಸೋರುತ್ತೆ ಅಂತ ಅವರ ದೋಣಿ ಒಡೆದು ಸೌದೆ ಮಾಡ್ತೀಯಂತೆ. ಅದು ಹಾಳಾಗಿಲ್ಲ ಕಣಣ್ಣ, ಬಿಸಿಲಿಗೆ ಹಲಗೆ ಒಣಗಿದೆ ಅಷ್ಟೇ. ಕಲ್ಲು ಹೇರಿ ದಡದ ನೀರಲ್ಲಿ ಮುಳುಗಿಸಿಡು. ಮರ ಉಬ್ಬಿ ಸಂದಿ ತಾನೇ ಮುಚ್ಕೊಳ್ಳುತ್ತೆ.

ಇಲ್ಲಿ ಸಿಸಿಲಿಯಲ್ಲಿ ಯಜಮಾನನ ದೋಣಿಗೂ ಹಾಗೇ ಮಾಡಿದ್ದೆ. ಇವತ್ತು ನೀರು ಮೊಗೆದು ಹಾಕಿ, ಹರಿದ ಹಾಯಿ ಹೊಲಿದು ಕಟ್ಟಿ, ಬಂದರು ದಾಟಿಸಿದೆ. ಹನಿ ಸೋರಲಿಲ್ಲ. ವಾಪಸ್ ಬಂದ ಕೂಡ್ಲೆ ಯಜಮಾನ, "ಇಳಿಯೋ, ನೆಂಟರು ಹತ್ತಬೇಕು" ಅಂದ. ಥೇಟ್ ನಿನ್ನ ಹಾಗೆ. "ಒಂದು ದೋಣಿಗೆ ಇಬ್ಬರು ಯಾಕೋ, ಬೇರೆ ಕಡೆ ನೋಡ್ಕೋ" ಅಂದಿದ್ದೆಯಲ್ಲ.

ನೋಡ್ಕೊಂಡೆ. ಅಪ್ಪನ ದೋಣೀಲಿ ನನಗೆ ಪಾಲು ಬೇಡ. ಒಡೀಲೇಬೇಕು ಅಂದ್ರೆ ಅಪ್ಪ ಮಸೀದಿಗೆ ಹೋದಾಗ ಒಡಿ. ಕೇಳಿದ್ರೆ, "ತಮ್ಮ ಮಾರು ಅಂದ, ಮಾರಿಬಿಟ್ಟೆ" ಅನ್ನು. ನನ್ನನ್ನ ಬೈತಾರೆ. ಬೈಲಿ.

ನಿನ್ನ ತಮ್ಮ,
ಲಸಾದ್