ಮೇಣವಿಲ್ಲದ ಅರವತ್ತು ಗುಂಡು

ಸೋಮವಾರ, ಬೆಳಿಗ್ಗೆ ೮
ಇವತ್ತೂ ಎರಕ. ಸೀಸ ಕರಗಿಸಿ ಅಚ್ಚಿಗೆ ಸುರಿದು ಅಕ್ಕನ ರೈಫಲ್‌ಗೆ ಇನ್ನೂರು ಗುಂಡು. ಒಂದೊಂದೂ ಬಟಾಣಿಯಷ್ಟು. ಒಂದೊಂದರ ಸುತ್ತಲಿನ ಗೀರಿಗೂ ಬೆರಳಲ್ಲಿ ಮೇಣ ತುಂಬಬೇಕಂತೆ. ಯಾಕೆಂದು ಭಾವನನ್ನು ಕೇಳಿದೆ.
“ಮೇಣ ಇಲ್ದಿದ್ರೆ ನಳಿಕೆಗೆ ಸೀಸ ಮೆತ್ಕೊಳ್ಳುತ್ತೆ ಕಣಯ್ಯ. ಆಮೇಲೆ ಗುಂಡು ದಿಕ್ಕಾಪಾಲು.”
“ದೊಡ್ಡ ಗುಂಡಿಗೆ ಸರಿ ಭಾವ. ಈ ಚಿಳ್ಳೆಪಿಳ್ಳೆಗೂನಾ?”
“ನಿನ್ನ ಸೋಮಾರಿತನಕ್ಕೆ ವಿಜ್ಞಾನದ ಟೋಪಿ ಹಾಕ್ಬೇಡ.”
ನೊಂದೆ. ಪ್ರಯೋಗ ಮಾಡಿಯೇ ತೀರುವುದು.

ಮಂಗಳವಾರ, ಸಂಜೆ
ಶೂಟಿಂಗ್ ಕ್ಲಬ್. ಅಕ್ಕ ಮೇಣದ ಗುಂಡು ನಲವತ್ತು ಹೊಡೆದು ಟೀಗೆ ಹೋದಳು. ಅದೇ ರೈಫಲ್‌ನಲ್ಲಿ ಮೇಣವಿಲ್ಲದ ಹತ್ತು ಹೊಡೆದೆ. ಹತ್ತೂ ಒಂದು ಅಂಗಿ ಗುಂಡಿಯಗಲದೊಳಗೆ! ಮನುಕುಲವನ್ನು ಮೇಣದ ದಾಸ್ಯದಿಂದ ಬಿಡಿಸಿದೆ. ಶಾಲು ಹೊದಿಸುವವರಿಲ್ಲ, ಅಷ್ಟೆ.

ಬುಧವಾರ
ಅಕ್ಕನ ಮ್ಯಾಚಿನ ಅರವತ್ತನ್ನೂ ಮೇಣವಿಲ್ಲದೆ, ಮದ್ದು ತುಂಬಿದ ಹಿತ್ತಾಳೆ ಕೇಸಿಗೆ ಕೂರಿಸಿದೆ. ಗೀರು ಒಳಗೆ ಮುಳುಗುತ್ತದೆ, ಯಾರಿಗೂ ಕಾಣದು.
“ಮೇಣ ಸರಿಯಾಗಿ ಹಚ್ಚಿದ್ಯೇನೋ?”
“ಹೂಂ ಅಕ್ಕ.”
ಭಾನುವಾರ ತಂಡದ ಆಯ್ಕೆ. ಮೂರು ವರ್ಷ ಅಕ್ಕನಿಗೆ ಒಂದೆರಡು ಅಂಕದಲ್ಲಿ ತಪ್ಪಿದೆ. ಮುಂದಿನ ವರ್ಷ ವಯಸ್ಸು ಮೀರುತ್ತದೆ. ಇದೇ ಕೊನೆ.

ಶನಿವಾರ, ಮಧ್ಯಾಹ್ನ ೩
ಗುಂಡಿನ ಪೆಟ್ಟಿಗೆ ಬೆಳಿಗ್ಗೆಯೇ ಕ್ಲಬ್ಬಿಗೆ ಹೋಯಿತು. ಮ್ಯಾಚಿನ ನಿಯಮದಂತೆ ಸೀಲ್ ಆಯಿತು. ಈಗ ಅಕ್ಕ ನಳಿಕೆ ಒರೆಸುತ್ತಿದ್ದಳು. ಬಿಳಿ ಬಟ್ಟೆ ಜಿಡ್ಡುಜಿಡ್ಡಾಗಿ ಹೊರಬಂತು.
“ನೋಡು, ಮಂಗಳವಾರದ ಮೇಣ ಇನ್ನೂ ಒಳಗೇ ಇದೆ,” ಎಂದರು ಭಾವ.
ಅಯ್ಯೋ! ನನ್ನ ಹತ್ತು ಗುಂಡು ಜಾರಿದ್ದು ಅಕ್ಕನ ನಲವತ್ತರ ಮೇಣದ ಮೇಲೆ! ನಾಳೆ ನಳಿಕೆ ಫಳಫಳ. ಮೇಣ ಸೊನ್ನೆ.

ಸಂಜೆ ೫
ಕ್ಲಬ್ಬಿಗೆ ಓಡಿದೆ. ಅಂಥದೇ ಇನ್ನೊಂದು ರೈಫಲ್, ಒರೆಸಿದ ನಳಿಕೆ, ಮೇಣವಿಲ್ಲದ ಗುಂಡು. ಎಂಟು ಸರಿ. ಒಂಬತ್ತನೆಯದು ಅಂಚಿಗೆ. ಹದಿನೈದನೆಯದು ಪಕ್ಕದವರ ಗುರಿಹಲಗೆಗೆ. ಅವರು ಥ್ಯಾಂಕ್ಸ್ ಹೇಳಿದರು.
ಸೀಲಾದ ಪೆಟ್ಟಿಗೆ ಬದಲಿಸಬೇಕಾದರೆ ಅಕ್ಕನೇ ಸಹಿ ಹಾಕಬೇಕು, ನಾಳೆ ಎಂಟರೊಳಗೆ. ಅಂದರೆ ಹೇಳಬೇಕು...
ಮನೆಗೆ ಬಂದು ಹೊಸ ಅರವತ್ತಕ್ಕೆ ಮೇಣ ತಿಕ್ಕುತ್ತಿದ್ದೇನೆ. ಇದನ್ನು ಬರೆಯುವ ಪೆನ್ನೂ ಜಾರುತ್ತಿದೆ.

ಭಾನುವಾರ, ೭:೨೦
ಕಾರಿನಲ್ಲಿ. ಹೊಸ ಪೆಟ್ಟಿಗೆ ತೊಡೆಯ ಮೇಲೆ. ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಟ್ರಾಫಿಕ್ ಬಗ್ಗೆ ಮಾತಾಡಿದೆ.

೭:೫೬
ಹೇಳಿಬಿಟ್ಟೆ. ಅಕ್ಕನ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. “ಪೆನ್ ಕೊಡು.” ಸಹಿ ಹಾಕಿದಳು. “ಬೈಗುಳ ಮ್ಯಾಚ್ ಮುಗಿದ್ಮೇಲೆ. ಈಗ ಬೈದ್ರೆ ನನ್ನ ಕೈ ನಡುಗುತ್ತೆ.”

೧೦:೧೫
ಅರವತ್ತೂ ಮುಗಿದವು. ಬೋರ್ಡಿಗೆ ಪಟ್ಟಿ ಅಂಟಿಸಿದರು. ತಂಡದಲ್ಲಿ ಕೊನೆಯ ಹೆಸರು ಅಕ್ಕನದು! ಭಾವ ಕುಣಿದರು. ನಾನೂ ಕುಣಿದೆ, ಸ್ವಲ್ಪ ಹಿಂದೆ ನಿಂತು.
ಅಕ್ಕ ರೈಫಲ್ ಕೆಳಗಿಟ್ಟಳು. ಇತ್ತಲೇ ಬರುತ್ತಿದ್ದಾಳೆ. ನಗುತ್ತಿಲ್ಲ. ಭಾವ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅಂಗಿತೋಳು ಮಡಿಸುತ್ತಿದ್ದಾ—