ಮಗ ಕಳಿಸಿದ ಮಾತ್ರೆ

ದೊಡ್ಡಬಳ್ಳಾಪುರ
22-1-1970, ಗುರುವಾರ

ಸೀನಣ್ಣನಿಗೆ ತಂಗಿ ಬನಶಂಕರಿಯ ನಮಸ್ಕಾರ.

ನೀನು, ಅತ್ತಿಗೆ, ಮಗು ಆರೋಗ್ಯವಾಗಿದ್ದೀರಾ? ಬೊಂಬಾಯಿಯ ನೀರು ಮಗುವಿಗೆ ಒಗ್ಗಿತೇ? ಮೊದಲು ಇದನ್ನೇ ಕೇಳಬೇಕೆಂದು ಅಮ್ಮ ತಾಕೀತು ಮಾಡಿದ್ದಳು, ಕೇಳಿದ್ದಾಯಿತು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಬರೆಯುವುದಿಲ್ಲ. ನಿನಗೆ ಕೋಪ ಬಂದರೆ ಬರಲಿ, ಹರಿದು ಎಸೆಯುವ ಮುಂಚೆ ಪೂರ್ತಿ ಓದು, ಅಷ್ಟು ಸಾಕು.

ಅಪ್ಪ ಮಗ್ಗದ ಮನೆಗೆ ಕಾಲಿಡದೆ ಒಂದು ವರ್ಷವಾಗುತ್ತಾ ಬಂತು. ನಾಲ್ಕು ಪವರ್‌ಲೂಮ್ ಒಟ್ಟಿಗೆ ಬಡಿದುಕೊಳ್ಳುತ್ತಿದ್ದರೂ ಯಾವುದರಲ್ಲಿ ಎಳೆ ಹರಿಯಿತು ಎಂದು ಜಗಲಿಯಲ್ಲಿ ಕೂತೇ ಹೇಳುತ್ತಿದ್ದ ಮನುಷ್ಯ, ಈಗ ಬೆಳಗಿನ ಜಾವಕ್ಕೇ ಎದ್ದು ಗೋಡೆ ನೋಡುತ್ತಾ ಕೂರುತ್ತಾರೆ. ಎರಡು ತುತ್ತು ತಿಂದರೆ ಹೆಚ್ಚು. ದೀಪಾವಳಿಗೆ ಬಂದಾಗ ನೀನೂ ಕಣ್ಣಾರೆ ನೋಡಿದೆ. ನೋಡಿ ಮಾಡಿದ್ದೇನು? ಪಕ್ಕದ ಮನೆಯ ಪಿಳ್ಳಪ್ಪ ಮಾಮ, ಅವರ ಬೀಗರು ಎಲ್ಲ ಊಟಕ್ಕೆ ಕೂತಿರುವಾಗಲೇ, "ಮೈಗಳ್ಳತನಕ್ಕೂ ಒಂದ್ ಮಿತಿ ಬೇಡ್ವೇನಪ್ಪಾ? ಈ ನಾಟಕ ನಿಲ್ಲೋವರ್ಗೂ ನಾನೀ ಹೊಸ್ಲು ತುಳಿಯಲ್ಲ" ಅಂದೆ. ಎಲೆಯಲ್ಲಿ ಬಡಿಸಿದ ಹೋಳಿಗೆ ಬಿಟ್ಟು ಎದ್ದುಹೋದೆ. ಅವತ್ತಿನಿಂದ ನಿನ್ನ ಒಂದು ಸಾಲು ಕಾಗದವಿಲ್ಲ, ತಿಂಗಳಿಗೊಮ್ಮೆ ಮಾತ್ರೆಯ ಪಾರ್ಸೆಲ್ ಮಾತ್ರ ತಪ್ಪದೆ ಬರುತ್ತಿದೆ.

ನಾನೇನು ಸಾಚಾ ಅಲ್ಲ ಬಿಡು. "ಕಂಡಿಕೆಗೆ ನೂಲಾದ್ರೂ ಸುತ್ತಬಾರ್ದಾ, ಕೂತ್ ಕೂತ್ ಕಲ್ಲಾಗ್ಬಿಟ್ಯಲ್ಲಪ್ಪಾ" ಎಂದು ನಾನೂ ರೇಗಿದ್ದೇನೆ. ಅದನ್ನು ನೆನೆದರೆ ಈಗ ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ. ಅಮ್ಮ ಪಾಪ, ಯಾರದೋ ಕೆಟ್ಟ ಕಣ್ಣು ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತಳು. ಕರೆದುಕೊಂಡು ಹೋದರೆ ಅಪ್ಪ ಬಸ್ಸಿನಿಂದ ಇಳಿಯಲೇ ಇಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ನೋಡಿದರೆ ಹಾಸಿಗೆ ಖಾಲಿ. ಪಿಳ್ಳಪ್ಪ ಮಾಮ ಊರಾಚೆಯ ತೋಟದ ಬಾವಿ ಕಟ್ಟೆಯಿಂದ ಕೈ ಹಿಡಿದು ಕರೆತಂದರು. ಅಂಗಿ ಬಿಚ್ಚಿ, ನೀಟಾಗಿ ಮಡಿಸಿ, ಅದರ ಮೇಲೆ ಕನ್ನಡಕ ಇಟ್ಟು ಕೂತಿದ್ದರಂತೆ. ಕನ್ನಡಕದ ವಿಷಯ ಅಮ್ಮನಿಗೆ ಗೊತ್ತಿಲ್ಲ. ನೀನೂ ಬಾಯಿ ಬಿಡಬೇಡ.

ಮಾರನೆಯ ದಿನವೇ ಮಾಮನೂ ನಾನೂ ಅಪ್ಪನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದೆವು. ಮನಸ್ಸಿನ ವಿಚಾರ ಕೇಳುತ್ತಾರೆ ಎಂದುಕೊಂಡಿದ್ದರೆ, ಡಾಕ್ಟರು ಮೂಗು ಕಟ್ಟುತ್ತದೆಯೇ, ಹೊಟ್ಟೆ ಕೆಡುತ್ತದೆಯೇ, ಕೆಟ್ಟ ಕನಸು ಬೀಳುತ್ತದೆಯೇ ಎಂದು ಕೇಳಿದರು. ನನಗೆ ಸೋಜಿಗ. ಅಪ್ಪನಿಗೆ ವರ್ಷದಿಂದ ಮೂಗು ಕಟ್ಟಿಯೇ ಇದೆ, ಶುಂಠಿ ಕಷಾಯ ಕಾಸಿ ಕಾಸಿ ಅಮ್ಮನಿಗೆ ಸಾಕಾಗಿದೆ. "ಯಾವ ಮಾತ್ರೆ ತಗೋತಾರಮ್ಮಾ?" ಅಂದರು. ನಾನು ಹೆಮ್ಮೆಯಿಂದಲೇ ಡಬ್ಬವನ್ನು ಮೇಜಿನ ಮೇಲಿಟ್ಟೆ. ನಮ್ಮಣ್ಣನಿಗೆ ಔಷಧದ ಕಂಪನಿಯಲ್ಲಿ ಕೆಲಸ, ರಕ್ತದ ಒತ್ತಡಕ್ಕೆ ಅವನೇ ಕಳಿಸುತ್ತಾನೆ, ಸರ್ಪಗಂಧದ ಬೇರಿನ ಸಾರ, ನಮ್ಮ ನೆಲದ್ದೇ, ಭಯವಿಲ್ಲ ಎಂದು ನೀನು ಬರೆದಿದ್ದನ್ನೆಲ್ಲ ಒಪ್ಪಿಸಿದೆ. ದಿನಕ್ಕೆ ಒಂದಿದ್ದದ್ದನ್ನು ಮೂರು ಮಾಡಿ ಎಂದು ನೀನು ಬರೆದದ್ದನ್ನೂ ಹೇಳಿದೆ. ಡಾಕ್ಟರು ಡಬ್ಬವನ್ನು ತಿರುಗಿಸಿ ಮಾತ್ರೆಯ ಹೆಸರು ಓದಿದರು.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಮ್ಮ ಮೈಯಲ್ಲಿ ಸೆರೊಟೋನಿನ್ ಎಂಬ ವಸ್ತುವಿದೆಯಂತೆ. ಅದರ ಬಹುಪಾಲು ಇರುವುದು ಕರುಳಿನಲ್ಲಿ, ತಿಂದದ್ದನ್ನು ಮುಂದಕ್ಕೆ ತಳ್ಳುವ ಕೆಲಸಕ್ಕೆ. ರಕ್ತದಲ್ಲೂ ಇದೆ, ಗಾಯವಾದರೆ ರಕ್ತನಾಳ ಬಿಗಿದು ರಕ್ತ ನಿಲ್ಲಲು ನೆರವಾಗುತ್ತದೆ. ಮಿದುಳಿನಲ್ಲಿರುವುದು ಚೂರೇ ಚೂರು. ಆದರೆ ನಿದ್ದೆ, ಹಸಿವು, ಮನಸ್ಸಿನ ಗೆಲುವು ಇವೆಲ್ಲಕ್ಕೂ ಆ ಚೂರು ಬೇಕೇ ಬೇಕು ಎಂದು ಈಚೆಗೆ ತಿಳಿಯುತ್ತಿದೆಯಂತೆ. ಪೂರ್ತಿ ಯಾರಿಗೂ ಗೊತ್ತಾಗಿಲ್ಲ ಎಂದೂ ಅವರೇ ಅಂದರು. ನರಗಳು ಅದನ್ನು ತಮ್ಮ ತುದಿಯಲ್ಲಿ ಕೂಡಿಟ್ಟುಕೊಂಡಿರುತ್ತವೆ. ನೀನು ಕಳಿಸುವ ಮಾತ್ರೆ ಒತ್ತಡವನ್ನೇನೋ ಇಳಿಸುತ್ತದೆ, ಜೊತೆಗೆ ಆ ದಾಸ್ತಾನನ್ನೂ, ಅಂಥವೇ ಇನ್ನೊಂದೆರಡು ವಸ್ತುಗಳನ್ನೂ ಬರಿದು ಮಾಡುತ್ತದೆ. ಎಲ್ಲರಿಗೂ ಮನಸ್ಸು ಹೀಗೆ ಕುಸಿಯುವುದಿಲ್ಲ, ಕೆಲವರಿಗೆ ಕುಸಿಯುತ್ತದೆ. ಲಾಳಿಯೊಳಗಿನ ಕಂಡಿಕೆಯಲ್ಲಿ ನೂಲು ಮುಗಿದ ಮೇಲೆ ಲಾಳಿ ಎಷ್ಟು ಓಡಿದರೆ ಏನು, ಬಟ್ಟೆ ಬೆಳೆಯುತ್ತದೆಯೇ? ನಾವೆಲ್ಲ ಸೇರಿ ಲಾಳಿಯನ್ನು ಬೈದೆವು. ಡಾಕ್ಟರು ಒತ್ತಡಕ್ಕೆ ಬೇರೆ ಮಾತ್ರೆ ಕೊಟ್ಟು, ಇದನ್ನು ಇವತ್ತೇ ನಿಲ್ಲಿಸಿ, ಆಮೇಲೂ ಚೇತರಿಸಿಕೊಳ್ಳಲು ವಾರಗಟ್ಟಲೆ ಬೇಕು ಎಂದರು.

ಇನ್ನೊಂದು ಮಾತು. ಮನಸ್ಸು ಕುಗ್ಗಿದವರಿಗೆ ಇದನ್ನು ಕೊಡಬಾರದು ಎಂದು ಡಬ್ಬದೊಳಗಿನ ಇಂಗ್ಲಿಷ್ ಚೀಟಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿದೆ. ಡಾಕ್ಟರು ಬೆರಳಿಟ್ಟು ತೋರಿಸಿದರು. ನೀನು ಅದೇ ಕಂಪನಿಯ ಅನ್ನ ತಿನ್ನುವವನು, ಆ ಚೀಟಿ ಓದಿರಲಿಲ್ಲವೇ ಅಣ್ಣಾ? ದೀಪಾವಳಿಗೆ ಬಂದು ಅವರ ಮುಖ ನೋಡಿದಾಗಲೂ ನೆನಪಾಗಲಿಲ್ಲವೇ? ಮೈಗಳ್ಳ ಅನ್ನುವುದು ಮಾತ್ರ ಬೇಗ ಹೊಳೆಯಿತು. ಹೊಟ್ಟೆ ಉರಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಇಷ್ಟಾದರೂ ಅಪ್ಪ ನಿನ್ನ ಮಾತ್ರೆ ಬಿಡುತ್ತಿಲ್ಲ. ಡಾಕ್ಟರು ಕೊಟ್ಟಿದ್ದನ್ನು ಮುಟ್ಟುವುದೂ ಇಲ್ಲ. ಸೀಸೆ ಬಚ್ಚಿಟ್ಟರೆ ಮನೆಯೆಲ್ಲ ತಡಕಿ ತೆಗೆಯುತ್ತಾರೆ, ದಿನದಲ್ಲಿ ಅವರಾಗಿ ಎದ್ದು ಮಾಡುವ ಕೆಲಸ ಅದೊಂದೇ. ಯಾಕಪ್ಪಾ ಹೀಗೆ ಎಂದು ಮೊನ್ನೆ ಗಲಾಟೆ ಮಾಡಿದೆ. "ಸೀನ ಮಾತಂತೂ ಬಿಟ್ಟ. ಇದೊಂದ್ ಕಳಿಸ್ತಾವ್ನೆ. ನಾನು ಬ್ಯಾಡ ಅಂದ್ಬಿಟ್ರೆ ಇದೂ ನಿಂತೋಗ್ತದಲ್ಲಮ್ಮಾ" ಅಂದರು. ಅಷ್ಟುದ್ದ ಮಾತು ಅವರ ಬಾಯಿಂದ ಬಂದು ಎಷ್ಟು ತಿಂಗಳಾಗಿತ್ತೋ. ನಾನು ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ.

ಅತ್ತಿಗೆಗೆ ನಮಸ್ಕಾರ, ಮಗುವಿಗೆ ಮುತ್ತು. ಅಮ್ಮ ಆಶೀರ್ವಾದ ಬರೆಯಲು ಹೇಳಿದ್ದಾಳೆ. ನಿನ್ನ ಮೇಲೆ ಕೋಪ ಮಾಡಿಕೊಳ್ಳುವುದು ಅವಳಿಗೆ ಬರುವುದಿಲ್ಲ, ನನಗೆ ಬರುತ್ತದೆ.

ನಿನ್ನ ತಂಗಿ
ಬನಶಂಕರಿ

ಮತ್ತೆ: ಕವರಿಗೆ ಅಂಟು ಹಚ್ಚುವಷ್ಟರಲ್ಲಿ ಪೋಸ್ಟ್‌ಮ್ಯಾನ್ ಕೊಂಡಪ್ಪ ಈ ತಿಂಗಳ ಪಾರ್ಸೆಲ್ ತಂದುಕೊಟ್ಟ. ಅಪ್ಪ ನನ್ನ ಕೈಯಲ್ಲೇ ಬಿಚ್ಚಿಸಿದರು. "ಕಾಗ್ದ ಐತಾ ನೋಡಮ್ಮಾ" ಅಂದರು. ಇಲ್ಲ ಅಂದೆ. "ಹತ್ತಿ ಒಳ್ಗೆ ನೋಡು" ಅಂದರು. ಸೀಸೆಯ ಬಾಯಿಗೆ ತುರುಕಿದ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ತೋರಿಸಿದೆ. ಅವರ ಮುಖ ನೋಡಲಾಗಲಿಲ್ಲ ಕಣಣ್ಣಾ. ಅವರಿಗೆ ಅಕ್ಷರ ಬಾರದಲ್ಲ, ಆ ಇಂಗ್ಲಿಷ್ ಚೀಟಿಯನ್ನೇ ಬಿಡಿಸಿ ಹಿಡಿದು, ನಿನ್ನ ಕಾಗದ ಸಿಕ್ಕಿತು ಎಂದು ಓದಿಬಿಟ್ಟೆ: "ಅಪ್ಪಾ, ತಪ್ಪು ನಿನ್ನದಲ್ಲ, ನಾನು ಕಳಿಸಿದ ಮಾತ್ರೆಯದು. ಇವತ್ತೇ ನಿಲ್ಲಿಸು. ಯುಗಾದಿಗೆ ಬರುತ್ತೇನೆ." ಎರಡು ಸಲ ಓದಿಸಿಕೊಂಡರು. ಆಮೇಲೆ ಸೀಸೆಯನ್ನು ತಾವೇ ನನ್ನ ಕೈಗಿಟ್ಟು, ಚೀಟಿಯನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಸಂಜೆ ಪಿಳ್ಳಪ್ಪ ಮಾಮನ ಕೈಲೂ ಒಂದು ಸಲ ಓದಿಸಬೇಕಂತೆ. ನಾನು ಓದಿದ ಹಾಗೇ ಓದಿ ಎಂದು ಮಾಮನಿಗೆ ಹೇಳಿಟ್ಟಿದ್ದೇನೆ. ಆದರೆ ಯುಗಾದಿಯ ದಿನ ಅವರು ಬಾಗಿಲಲ್ಲಿ ಕೂತು ಕಾಯುವಾಗ ಓದಿ ಹೇಳಲು ನನ್ನ ಹತ್ತಿರ ಯಾವ ಚೀಟಿಯೂ ಇಲ್ಲ.