ಕುರಿಕಾಯುವ ಅಜ್ಜನ ಎರಡು ಕೊನೆ

ಬಾಳಪ್ಪ ಕಾಕಾ,

ಗೋಕಾಕದ ಮಾಳಿಗೆ ಮೇಲಿನ ಆ ಸ್ಟುಡಿಯೊಗೆ ನೀವು ಮೊದಲ ಸಲ ಬಂದದ್ದು ನೆನಪಾಗುತ್ತದೆ. ಮೂಡಲಗಿಯಿಂದ ಬಸ್ಸಿಗೆ ಬಂದಿದ್ದಿರಿ, ಹೆಗಲ ಮೇಲೆ ಕಂಬಳಿ. ಜಪಾನಿನ ಅನಿಮೆ ಕಾರ್ಟೂನ್ ಧಾರಾವಾಹಿಗೆ ಕನ್ನಡದಲ್ಲಿ ದನಿ ಕೊಡಬೇಕು ಎಂದಾಗ, "ಜಪಾನದ ಮುದುಕ ನಮ್ಮಂಗ ಮಾತಾಡ್ತಾನೇನವಾ?" ಎಂದು ಕೇಳಿದಿರಿ. ಊರ ನಾಟಕಗಳಲ್ಲಿ ರಾಜನಾಗಿ ಗುಡುಗುತ್ತಿದ್ದ ನಿಮಗೆ ಕುರಿಕಾಯುವ ಅಜ್ಜನ ಪಾತ್ರ. ಹುಕ್ಕೇರಿಯಿಂದ ಬರುತ್ತಿದ್ದ ನನಗೆ, ಅವನ ಜೊತೆ ಬೆಟ್ಟ ದಾಟಿ ತಾಯಿಯನ್ನು ಹುಡುಕಹೊರಟ ಹುಡುಗಿಯ ಪಾತ್ರ. ಮೈಕಿನ ಮುಂದೆ ನಿಂತು ನೀವು ಕುರಿ ಕರೆದರೆ ಪರದೆಯ ಮೇಲಿನ ಕುರಿಗಳು ನಿಜಕ್ಕೂ ತಿರುಗಿ ನೋಡಿದಂತಿರುತ್ತಿತ್ತು.

ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ಕೇಳಿದಿರಿ, "ಖರೆ ಹೇಳು, ಇದು ಯಾರ ಕತಿ? ಜಪಾನದವರದೋ, ಫ್ರಾನ್ಸದವರದೋ?" ಇಬ್ಬರದೂ ಎಂದೆ. ಚಿತ್ರ ಬರೆಯುವವರು ಜಪಾನಿನವರು, ಹೆಚ್ಚಿನ ಬಂಡವಾಳ ಫ್ರಾನ್ಸಿನವರದು, ನಮಗೆ ಕೆಲಸ ಕೊಟ್ಟ ಮುಂಬೈ ಕಂಪನಿಯದು ಸಣ್ಣ ಪಾಲು. "ಅಂದ್ರ ಅಣ್ತಮ್ರ ಜಂಟಿ ಹೊಲ ಇದ್ದಂಗಾತು. ಒಬ್ಬ ಸಹಿ ಹಾಕ್ಲಿಲ್ಲಂದ್ರ ಎಲ್ಲಾ ನಿಂತಂಗ" ಎಂದು ನಕ್ಕಿರಿ.

ಹಾಗೆಯೇ ನಿಂತಿತು. ಆ ಸುದ್ದಿ ಹೇಳಲು ಫೋನ್ ಮಾಡಿದಾಗ ನೀವು ಹೊಲದಲ್ಲಿದ್ದಿರಿ. ಕೊನೆಯ ಕಂತು ಬಿಟ್ಟು ಉಳಿದದ್ದೆಲ್ಲ ಮುಗಿದಿತ್ತು. ಅಜ್ಜ ಅದರಲ್ಲಿ ಸಾಯಬೇಕೆಂದು ಜಪಾನಿನ ನಿರ್ದೇಶಕರು; ಮಕ್ಕಳು ನೋಡುವ ಧಾರಾವಾಹಿಯಲ್ಲಿ ಸಾವು ಬೇಡವೆಂದು ಫ್ರಾನ್ಸಿನವರು. ನೀವು, "ಕೊಲ್ಲಬ್ಯಾಡ್ರಿ ಅಂತ ಹೇಳವಾ. ಆ ಹುಡುಗಿ ಒಬ್ಬಾಕಿನ ಕುರಿ ಹೊಡ್ಕೊಂಡು ಎಲ್ಲಿ ಹೋಗ್ಬೇಕು?" ಎಂದಿರಿ. ನನ್ನ ಮಾತು ಯಾರು ಕೇಳುತ್ತಾರೆ, ಕಾಕಾ? ಆಮೇಲೆ ಸಿಕ್ಕಾಗಲೆಲ್ಲ ಅದೇ ಪ್ರಶ್ನೆ: "ನಮ್ಮ ಮುದುಕ ಏನಾದ?" ಉತ್ತರ ಬರುವಷ್ಟರಲ್ಲಿ ನೀವೇ...

ನೀವು ಹೋದ ಮೇಲೆ ಅವರವರಲ್ಲಿ ಒಪ್ಪಂದವಾಯಿತು. ಎರಡೂ ಕೊನೆಗಳನ್ನು ಮಾಡಿದರು; ಬೇಕಾದ್ದನ್ನು ಆಯಾ ದೇಶದವರು ಆರಿಸಿಕೊಳ್ಳಬಹುದು. ಮುಂಬೈಯವರು ಕನ್ನಡದ ಮಟ್ಟಿಗೆ ನಮ್ಮನ್ನೇ ಕೇಳಿದರು. "ಸಾಯೂದನ್ನ ತಗೊಳ್ಳೂಣ್ರಿ ಅಕ್ಕಾ" ಎಂದ ಸ್ಟುಡಿಯೊದ ಮಾರುತಿ. "ಅದ್ರಾಗ ಅಜ್ಜಗ ಮಾತ ಇಲ್ಲ. ಕಡೀತನಕ ಕಾಕಾನ ದನಿನ ಉಳಿತೈತಿ." ಇನ್ನೊಂದರಲ್ಲಿ ಅಜ್ಜ ಬದುಕುತ್ತಾನೆ, ಮಾತಾಡುತ್ತಾನೆ. ಅದಕ್ಕೆ ಬೇರೆಯವರ ದನಿ ಬೇಕು. ನಿಮ್ಮ ದನಿ ಉಳಿಸಲು ಅಜ್ಜನನ್ನು ಸಾಯಿಸಬೇಕೇ? ಅಜ್ಜನನ್ನು ಉಳಿಸಲು ನಿಮ್ಮನ್ನು...?

ಮೂಡಲಗಿಗೆ ಹೋಗಿ ನಿಮ್ಮ ಮಗ ಯಲ್ಲಪ್ಪನನ್ನು, ಬದುಕುವ ಅಜ್ಜನಿಗೆ ದನಿ ಕೊಡುತ್ತೀಯಾ ಎಂದು ಕೇಳಿದ ದಿನ ಅವನು ಟ್ರ್ಯಾಕ್ಟರ್ ತೊಳೆಯುತ್ತಿದ್ದ. "ನನಗ ನಾಟಕ ಬರೂದಿಲ್ರಿ" ಎಂದ. ಆದರೂ ಬಂದ. ತಾಯಿ ಮಗಳು ಸೇರಿದ ಮೇಲೆ ಅಜ್ಜ ಹೇಳುವುದು ಇಷ್ಟೇ: "ನಡೀರಿ, ಹೊತ್ತಾತು." ಅಷ್ಟು ಹೇಳಿ ಅವನು ಮೈಕಿನಿಂದ ತಿರುಗಿ ಕಣ್ಣೊರೆಸಿಕೊಂಡ. ಮತ್ತೆ ಹೇಳಿಸಲಿಲ್ಲ, ಅದನ್ನೇ ಇಟ್ಟುಕೊಂಡೆವು.

ಮೊನ್ನೆ ಭಾನುವಾರ ಆ ಕಂತು ಬಂತು. ನಿಮ್ಮ ಮನೆಯಲ್ಲೇ, ಯಲ್ಲಪ್ಪ ಮತ್ತು ಅವನ ತಾಯಿ ಕಾಕುವಿನ ಪಕ್ಕ ಕೂತು ನೋಡಿದೆ. ಕೊನೆಯ ಮಾತು ಕೇಳಿ ಕಾಕು, "ಇದು ಅವರ ದನಿ ಅಲ್ಲ" ಎಂದರು. ಯಲ್ಲಪ್ಪ ತಲೆ ತಗ್ಗಿಸಿದ. ಕಾಕು ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಅಲ್ಲಿ ಅಜ್ಜ ಕುರಿಗಳ ಹಿಂದೆ ನಿಧಾನವಾಗಿ ಇಳಿಜಾರು ಇಳಿಯುತ್ತಿದ್ದ.

"ಆದ್ರೂ ಮನಿ ಮುಟ್ಟಿದ್ನಲ್ಲ" ಎಂದರು. "ಸಾಕು."

ನಿಮ್ಮ
ಸುನಂದಾ